ನಗುವ ಭೂತಗಳ ಕೌದಿ

ಅಂಗಡಿಯಿಂದ ಅರ್ಡಿಸ್ ಹಾಗನ್ ಕೌದಿಯ ಕಿಟ್ ತಂದಿದ್ದಾಳೆ ಎಂದು ತಿಳಿದಾಗ ಚರ್ಚಿನ ನೆಲಮಾಳಿಗೆಯಲ್ಲಿ ಕೌದಿ ಹೊಲಿಯುತ್ತಿದ್ದ ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಆ ಮಂಗಳವಾರದ ಗುಂಪಿನಲ್ಲಿ ಕಿಟ್ ಎಂಬ ಪದ ಕಿವಿಗೆ ಬಿದ್ದರೆ ಸಾಕು ಮುಖ ಸಿಂಡರಿಸುತ್ತಿದ್ದವಳು ಅವಳು. ಬಟ್ಟೆ ಆರಿಸಿ, ಅಳೆದು, ನಕ್ಷೆ ಬರೆದು, ಕಣ್ಣಿಗೆ ಹೊಲಿಯುವ ಗುಂಡಿಯನ್ನೂ ಎಣಿಸಿ ಡಬ್ಬಿಯಲ್ಲಿ ತುಂಬಿ ಕೊಟ್ಟಮೇಲೆ ಹೊಲಿಯುವವಳಿಗೆ ಉಳಿದದ್ದೇನು, ಬೇರೆಯವರು ಅಗಿದ ತುತ್ತು ನುಂಗುವ ಕೆಲಸ ತಾನೇ, ಎನ್ನುತ್ತಿದ್ದಳು. ಗುಂಪಿಗೆ ಹೊಸದಾಗಿ ಸೇರಿದ ಸೊಸೆಯಂದಿರು ಅವಳ ಕಣ್ಣು ತಪ್ಪಿಸಿ ತಮ್ಮ ಕಿಟ್‌ಗಳನ್ನು ಚೀಲದ ತಳಕ್ಕೆ ತುರುಕುತ್ತಿದ್ದರು.

"ಏನೇ ಇದು, ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ?" ಎಂದಳು ಲವೋನ್. ಅವಳೂ ಅರ್ಡಿಸಳೂ ಒಂದೇ ಶಾಲೆ, ಒಂದೇ ಬೆಂಚು, ಒಂದೇ ವರ್ಷದ ಮದುವೆ. ಇಷ್ಟು ಸಲಿಗೆ ಅವಳಿಗೆ ಮಾತ್ರ ಇತ್ತು. ಡಬ್ಬಿಯ ಮುಚ್ಚಳ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ನೇರಳೆ ಆಕಾಶ, ಹಳದಿ ಚಂದ್ರ, ಮುಂದಿನ ಹಲ್ಲು ಬಿದ್ದ ಒಂದು ಕುಂಬಳಕಾಯಿ, ಬೇಲಿಯ ಹಿಂದೆ ಬಾಲ ಮಾತ್ರ ಕಾಣುವ ಕಪ್ಪು ಬೆಕ್ಕು. ನಡುವೆ ಕೈ ಕೈ ಹಿಡಿದುಕೊಂಡು ನಗುತ್ತಿರುವ ಮೂರು ಬಿಳೀ ಭೂತ. "ಇವು ಭೂತಗಳಾ? ನಾದಿಟ್ಟ ಹಿಟ್ಟಿನ ಉಂಡೆಗೆ ಕಣ್ಣು ಬಂದಂಗಿವೆ!"

ಎಲ್ಲರೂ ನಕ್ಕರು. ಅರ್ಡಿಸ್ ನಗಲಿಲ್ಲ.

"ಮಕ್ಕಳಿಗೆ ಹೆದರಿಕೆ ಆಗಬಾರದಲ್ಲ," ಎಂದಳು. "ನನ್ನ ಕೈಯಲ್ಲಿ ನಾನೇ ನಕ್ಷೆ ಬರೆದ್ರೆ ಈಗೆಲ್ಲ ಮುಖ ಸಪ್ಪಗೆ ಬರುತ್ತೆ. ಅದಕ್ಕೇ ಕಿಟ್ ತಂದೆ. ಈ ಸಲ ಹ್ಯಾಲೋವೀನ್ ದಿನ ಚರ್ಚಿನ ಅಂಗಳಕ್ಕೆ ನಾನೂ ಬರ್ತೀನಿ."

ನಗು ಅಲ್ಲಿಗೇ ನಿಂತಿತು. ಯಾರೋ ಕಾಫಿ ಬಗ್ಗಿಸಲು ಎದ್ದರು. ಇನ್ನೊಬ್ಬಳು, ಈ ವರ್ಷ ಜೋಳದ ಕೊಯ್ಲು ತಡವಾಯಿತು ಎಂದಳು. ಆ ಪುಟ್ಟ ಊರು ಲಿಂಡ್‌ಬಿಯ ಜನ ಹಾಗೆ. ಎದೆಯ ಮೇಲೆ ಕಲ್ಲು ಬಿದ್ದಿದ್ದರೂ ಹವಾಮಾನದ ಮಾತು ಆಡುತ್ತಾರೆ.

ಮೂರು ವರ್ಷದ ಹಿಂದಿನವರೆಗೆ ಹ್ಯಾಲೋವೀನ್ ಸಂಜೆ ಎಂದರೆ ಅರ್ಡಿಸಳ ಮನೆಯೇ. ಊರಿನ ಮಕ್ಕಳು ಮಾಟಗಾತಿ, ಅಸ್ಥಿಪಂಜರ, ದನ, ಹುಳ ಎಲ್ಲ ಆಗಿ ವೇಷ ಹಾಕಿ ಮಿಠಾಯಿ ಕೇಳಲು ಮೊದಲು ಅವಳ ಮೆಟ್ಟಿಲಿಗೆ ಬರುತ್ತಿದ್ದರು. ಅವಳು ಬೆಲ್ಲದ ಪಾಕದಲ್ಲಿ ಜೋಳದ ಅರಳು ಉಂಡೆ ಕಟ್ಟಿರುತ್ತಿದ್ದಳು, ಅಂಗಡಿಯ ಮಿಠಾಯಿಯೂ ಇರುತ್ತಿತ್ತು. ಆ ವರ್ಷ ಮಕ್ಕಳು ಎಂದಿಗಿಂತ ಹೆಚ್ಚು ಬಂದು ಬೋಗುಣಿಯ ತಳ ಕಾಣತೊಡಗಿತು. ಅವಳು ಒಳಗೆ ತಿರುಗಿ, "ಓರ್ವಿಲ್, ಓಡಿಹೋಗಿ ಇನ್ನೊಂದು ಚೀಲ ಮಿಠಾಯಿ ತಗೊಂಡು ಬಾ," ಎಂದು ಗಂಡನಿಗೆ ಹೇಳಿದಳು. ಓರ್ವಿಲ್‌ಗೆ ಆಗಲೇ ಮರೆವು ಹತ್ತಿತ್ತು. ಕನ್ನಡಕವನ್ನು ಫ್ರಿಜ್ಜಿನಲ್ಲಿ ಇಟ್ಟು ಮನೆಯೆಲ್ಲ ಹುಡುಕುತ್ತಿದ್ದ. ಕತ್ತಲಲ್ಲಿ ಅವನಿಗೆ ಸರಿಯಾಗಿ ಕಾಣದು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದಳು. ಬಾಗಿಲಿಗೆ ಬಂದ ಮಗುವನ್ನು ಬರಿಗೈಲಿ ಕಳಿಸಬಾರದು ಎಂಬುದಷ್ಟೇ ಆ ಹೊತ್ತಿನಲ್ಲಿ ತಲೆಯಲ್ಲಿದ್ದದ್ದು.

ಮೂಲೆಯ ತಿರುವಿನಲ್ಲಿ ಅವನ ಕಾರು ಜೂನಿ ಎಂಬ ಮಗುವಿಗೆ ಬಡಿಯಿತು. ಆರು ವರ್ಷದ ಹುಡುಗಿ, ಜೇನುಹುಳದ ವೇಷ ಹಾಕಿದ್ದಳು. ಪ್ರಾಣ ಉಳಿಯಿತು. ಕಾಲಿಗೆ ಕಬ್ಬಿಣದ ಸಲಾಕೆ ಬಂತು, ಶಸ್ತ್ರಕ್ರಿಯೆಯ ಮೇಲೆ ಶಸ್ತ್ರಕ್ರಿಯೆ ಆಯಿತು, ಈಗಲೂ ಎಡಗಾಲು ಎಳೆದು ನಡೆಯುತ್ತಾಳೆ. ಮುಂದಿನ ವಸಂತದ ಹೊತ್ತಿಗೆ ಓರ್ವಿಲ್ ಜಿಲ್ಲಾ ಪಟ್ಟಣದ ವೃದ್ಧಾಶ್ರಮ ಸೇರಿದ. ಊರಿನವರು ಯಾರೂ ಅರ್ಡಿಸಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಆಲೂಗಡ್ಡೆ ಹಾಕಿದ ಬಿಸಿ ಊಟ ತಂದುಕೊಟ್ಟರು, ಪಾತ್ರೆ ಯಾವಾಗ ಬೇಕಾದರೂ ವಾಪಸು ಕೊಡು ಎಂದರು. ಆದರೆ ಮಕ್ಕಳು ಬರುವುದು ನಿಂತಿತು. ಅವಳ ಮನೆಗೆ ಮಾತ್ರವಲ್ಲ, ಯಾರ ಮನೆಗೂ. ಅಂದಿನಿಂದ ಹ್ಯಾಲೋವೀನ್ ಚರ್ಚಿನ ಅಂಗಳಕ್ಕೆ ಬಂತು. ದೊಡ್ಡವರು ತಮ್ಮ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಡಿಕ್ಕಿ ತೆರೆದು ಸಿಂಗರಿಸುವುದು, ಮಕ್ಕಳು ಡಿಕ್ಕಿಯಿಂದ ಡಿಕ್ಕಿಗೆ ಹೋಗಿ ಮಿಠಾಯಿ ಇಸಿದುಕೊಳ್ಳುವುದು. ನಿಯಮ ಒಂದೇ. ಮಕ್ಕಳು ಬರುವ ಮುಂಚೆ ಕಾರುಗಳೆಲ್ಲ ಬಂದು ನಿಂತಿರಬೇಕು, ಕೊನೆಯ ಮಗು ಮನೆಗೆ ಹೋಗುವ ತನಕ ಒಂದು ಚಕ್ರವೂ ಉರುಳಬಾರದು.

ಎರಡು ಹ್ಯಾಲೋವೀನ್ ಅವಳು ಹೊರಗಿನ ದೀಪ ಆರಿಸಿ ಅಡುಗೆಮನೆಯಲ್ಲಿ ಕೂತಳು. ಈ ಸಲ ಆಗದು ಎನಿಸಿತು. ಅವಳಿಗೆ ಕ್ಷಮೆ ಬೇಕಿರಲಿಲ್ಲ. ಅಷ್ಟು ದೊಡ್ಡ ಪದ ಅವಳ ಬಾಯಲ್ಲಿ ತಿರುಗುತ್ತಲೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಇಷ್ಟೇ: ಈ ಊರಿನ ಒಂದು ಮಗು ಅವಳ ಕೈಯಿಂದ ಮಿಠಾಯಿ ತೆಗೆದುಕೊಳ್ಳಬೇಕು. ದೇವರು ದೊಡ್ಡ ಮನಸ್ಸು ಮಾಡಿದರೆ ಆ ಮಗು ಜೂನಿಯೇ ಆಗಿರಬೇಕು.

ಕಿಟ್ ಬಿಚ್ಚಿದ ದಿನದಿಂದ ಅವಳ ಊಟದ ಮೇಜು ನೇರಳೆ, ಕಿತ್ತಳೆ, ಕಪ್ಪು ಚೂರುಗಳ ಸಂತೆಯಾಯಿತು. ಅಂಟುಕಾಗದದ ಮೇಲೆ ಭೂತಗಳನ್ನು ಬರೆದು, ಬಿಳಿಬಟ್ಟೆಯ ಬೆನ್ನಿಗೆ ಇಸ್ತ್ರಿ ಹಾಕಿ ಹಿಡಿಸಿ, ಕತ್ತರಿಸಿ, ಆಕಾಶದ ಮೇಲೆ ಕೂರಿಸಿದಳು. ಕಿಟ್‌ನಲ್ಲಿ ಬಟ್ಟೆ ಅಳತೆಗೆ ಸರಿಯಾಗಿ ಇರುತ್ತದೆ, ಒಂದು ಬೆರಳಗಲವೂ ಹೆಚ್ಚಿರುವುದಿಲ್ಲ. ಕತ್ತರಿ ಜಾರಿದರೆ ಮುಗಿಯಿತು. ಭೂತಗಳ ಕೆನ್ನೆಗೆ ಹಿಂದಿನಿಂದ ಚಿಟಿಕೆ ಹತ್ತಿ ತುಂಬಿ ಉಬ್ಬಿಸಿದಳು, ಅದು ನಕ್ಷೆಯಲ್ಲಿ ಇರಲಿಲ್ಲ. ಮೂರನೆಯ ಭೂತದ ಬಾಯಿಯನ್ನು ಕೆಂಪು ನೂಲಿನಲ್ಲಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಅದು ಸರಿಯಾಗಿ ನಗುವ ತನಕ ಬಿಡಲಿಲ್ಲ. ಆಮೇಲೆ ಹತ್ತಿಯ ಪದರ, ಅದರ ಹಿಂದೆ ಚುಕ್ಕಿಬಟ್ಟೆ, ಮೂರನ್ನೂ ಸೇರಿಸಿ ಕೈಯಲ್ಲೇ ಓಟದ ಹೊಲಿಗೆ. ಆ ಊರಿನಲ್ಲಿ ಅರ್ಡಿಸಳ ಹೊಲಿಗೆ ಎಂದರೆ ಗೊತ್ತಿರದವರಿಲ್ಲ. ಪುಟ್ಟ ಪುಟ್ಟದಾಗಿ, ಒಂದೇ ಅಳತೆಯಲ್ಲಿ, ಎಲ್ಲಿ ನಿಂತಿತು ಎಲ್ಲಿ ಶುರುವಾಯಿತು ಎಂದು ತಿಳಿಯದಂತೆ ಇರುತ್ತದೆ.

ವೃದ್ಧಾಶ್ರಮಕ್ಕೂ ಅದನ್ನು ಒಯ್ದು ಓರ್ವಿಲ್‌ನ ಪಕ್ಕ ಕೂತು ಹೊಲಿಯುತ್ತಿದ್ದಳು. ಅವನು ಕಿತ್ತಳೆ ಬಣ್ಣ ನೋಡಿದೊಡನೆ ಕುರ್ಚಿಯಿಂದ ಏಳಲು ಹೋಗುತ್ತಿದ್ದ.

"ಮಿಠಾಯಿ ಸಾಕಾಯ್ತಾ ಅರ್ಡಿಸ್? ಇನ್ನೊಂದು ಚೀಲ ತರ್ಲಾ?"

"ಸಾಕು ಕಣ್ರೀ. ಬೇಕಾದಷ್ಟಿದೆ. ಕೂತ್ಕೊಳಿ."

"ಮಕ್ಕಳು ಇನ್ನೂ ಬರ್ತಿದಾರಾ?"

"ಬರ್ತಿದಾರೆ," ಎನ್ನುತ್ತಿದ್ದಳು. ಅವನು ಕೂರುತ್ತಿದ್ದ. ಆ ಮಾತು ಪ್ರತಿ ಭೇಟಿಯಲ್ಲೂ ಬರುತ್ತಿತ್ತು.

ಅಕ್ಟೋಬರ್ ಮುಗಿಯುತ್ತ ಬಂದ ಒಂದು ಮಂಗಳವಾರ ಲವೋನ್ ಕಾಫಿಯ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂತಳು. "ಅರ್ಡಿಸ್, ಹ್ಯಾಲೋವೀನ್ ದಿನ ನನ್ನ ಕಾರಿನ ಡಿಕ್ಕಿಲೇ ಇಬ್ರೂ ನಿಂತ್ಕೊಳ್ಳೋಣ ಬಾರೇ. ಜಾಗ ಬೇಕಾದಷ್ಟಿದೆ."

"ಅಯ್ಯೋ, ಬೇಡ ಕಣೇ. ನಿಂಗ್ಯಾಕೆ ತೊಂದ್ರೆ."

"ತೊಂದ್ರೆ ಎಂಥದ್ದು ಮಾರಾಯ್ತಿ, ನೀನು ನಿನ್ನ ಕೌದಿ ತಗೊಂಡು ಬಂದ್ರೆ ಸಾಕು."

"ಇಲ್ಲಪ್ಪ, ನಾನು ಹೇಗೋ ನೋಡ್ಕೋತೀನಿ."

ಈಗ ಇಲ್ಲಿ ಒಂದು ಮಾತು ಹೇಳಲೇಬೇಕು. ಲಿಂಡ್‌ಬಿಯಲ್ಲಿ ಯಾರಾದರೂ ಕಾಫಿ ಬೇಕೇ ಎಂದರೆ ಬೇಡ ಎನ್ನಬೇಕು. ಎರಡನೆಯ ಸಲ ಕೇಳಿದರೂ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ನೀನು ಅಷ್ಟು ಹೇಳುವುದಾದರೆ ಅರ್ಧ ಕಪ್ಪು ಕೊಡು, ಎನ್ನಬೇಕು. ಮೊದಲ ಸಲಕ್ಕೇ ಹೂಂ ಎಂದವರನ್ನು ಹಸಿದುಕೊಂಡವರ ಹಾಗೆ ನೋಡುತ್ತಾರೆ. ಅಜ್ಜಂದಿರು ನಾರ್ವೆಯಿಂದ ಹಡಗಿನಲ್ಲಿ ಹೊತ್ತು ತಂದ ಈ ಸಂಕೋಚ ಮೊಮ್ಮಕ್ಕಳ ಕಾಲದಲ್ಲೂ ಸವೆದಿಲ್ಲ. ಅರ್ಡಿಸ್ ಎರಡು ಸಲ ಬೇಡ ಎಂದು, ಬಟ್ಟಲಿನ ಅಂಚನ್ನು ಒರೆಸುತ್ತ, ಮೂರನೆಯದಕ್ಕೆ ಕಾದಳು. ಹೂಂ ಎನ್ನಲು ಅವಳ ಬಾಯಿ ಸಿದ್ಧವಾಗಿತ್ತು.

ಲವೋನ್ ಮೂರನೆಯ ಸಲ ಕೇಳಲಿಲ್ಲ. ಯಾರೋ ಅವಳನ್ನು ಕರೆದರು, ಎದ್ದು ಹೋದಳು. ಮರೆತಳೋ, ಅರ್ಡಿಸಳ ಪಕ್ಕದಲ್ಲಿ ಇಡೀ ಊರಿನೆದುರು ನಿಲ್ಲಲು ಅವಳಿಗೂ ಒಳಗೊಳಗೇ ಅಳುಕಿತ್ತೋ, ಅವಳನ್ನೇ ಕೇಳಿದರೂ ಹೇಳಲಾರಳು. ಒಂದು ಮಾತು, ಅದೂ ನಾಲಿಗೆಯ ತುದಿಯಲ್ಲಿದ್ದದ್ದು. ಇಂಥ ಮರ್ಯಾದೆಗೆ ಬೆಂಕಿ ಹಾಕಬೇಕು.

ಹ್ಯಾಲೋವೀನ್ ದಿನ ಮಧ್ಯಾಹ್ನ ಅರ್ಡಿಸ್ ಕೌದಿಯ ಅಂಚುಪಟ್ಟಿ ಮುಗಿಸಿ, ಇಸ್ತ್ರಿ ಮಾಡಿ, ಬಾಗಿಲಿಗೆ ಒರಗಿಸಿ ದೂರ ನಿಂತು ನೋಡಿದಳು. ಭೂತಗಳು ಅವಳನ್ನು ನೋಡಿ ನಕ್ಕವು. ಎಷ್ಟೋ ದಿನದ ಮೇಲೆ ಅವಳಿಗೂ ತುಟಿಯಂಚಿನಲ್ಲಿ ನಗು ಬಂತು. ತೂಗುಹಾಕುವ ಕೋಲು ತೆಗೆದುಕೊಂಡು ಕೌದಿ ತಿರುಗಿಸಿದಳು. ಬೆನ್ನಿನಲ್ಲಿ ಕೋಲು ತೂರಿಸುವ ಪಟ್ಟಿಯೇ ಇರಲಿಲ್ಲ.

ಲಂಗಕ್ಕೆ ಲಾಡಿ ಪೋಣಿಸಲು ಪಟ್ಟಿ ಇರುವ ಹಾಗೆ ಗೋಡೆಯ ಕೌದಿಗೂ ಹಿಂದೆ ಮೇಲಂಚಿನಲ್ಲಿ ಒಂದು ಪಟ್ಟಿ ಹೊಲಿಯಬೇಕು. ತನ್ನ ಕೌದಿಗಳಿಗೆ ಅವಳು ಅದನ್ನು ಮೊದಲೇ ಹೊಲಿದಿಡುತ್ತಿದ್ದಳು. ಕಿಟ್‌ನ ಡಬ್ಬಿಯಲ್ಲಿ ಅದಕ್ಕೆ ಬಟ್ಟೆಯೂ ಇರಲಿಲ್ಲ, ಅದರ ಮಾತೂ ಇರಲಿಲ್ಲ. ಡಬ್ಬಿ ಹೇಳಿದ್ದನ್ನು ಮಾಡುತ್ತ ಹೋದವಳು ತನ್ನ ಬುದ್ಧಿಯನ್ನು ಅದಕ್ಕೇ ಒಪ್ಪಿಸಿಬಿಟ್ಟಿದ್ದಳು.

ನಾಲ್ಕು ಪಿನ್ನು ಚುಚ್ಚಿ ನೇತುಹಾಕಿದ್ದರೆ ಯಾವ ಮಗು ಕೇಳುತ್ತಿತ್ತು? ಬೇರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಪಿನ್ನಿನಿಂದ ತೂಗಿದ ಕೌದಿ ನಡುವೆ ಜೋಲುತ್ತದೆ, ಭೂತಗಳ ಮುಖ ಸೊಟ್ಟಗಾಗುತ್ತದೆ. ಅವಳು ಚೀಲ ತಡಕಾಡಿ ಕಪ್ಪು ಬಟ್ಟೆಯ ಪಟ್ಟಿ ಕತ್ತರಿಸಿ, ಕನ್ನಡಕ ಏರಿಸಿ, ಮುಂದೆ ನೂಲು ಕಾಣದಂತೆ ಒಂದೊಂದೇ ಎಳೆ ಎತ್ತಿ ಹೊಲಿಯತೊಡಗಿದಳು. ಹೊಲಿಯಲು ಕೂತರೆ ಅವಳಿಗೆ ಹೊತ್ತು ಗೊತ್ತಾಗುವುದಿಲ್ಲ. ಗಂಟು ಹಾಕಿ ನೂಲು ಕಡಿದು ತಲೆ ಎತ್ತಿದಾಗ ಕಿಟಕಿಯ ಗಾಜು ಮಸುಕಾಗಿತ್ತು, ಮಕ್ಕಳು ಬರುವ ಹೊತ್ತು ಮೀರಿತ್ತು.

ಕೌದಿಯನ್ನು ಪಕ್ಕದ ಸೀಟಿನಲ್ಲಿ ಹಾಸಿ, ಮಿಠಾಯಿಯ ಬೋಗುಣಿಯನ್ನು ಕೆಳಗಿಟ್ಟು, ಕಾರು ಹೊರಗೆ ತೆಗೆದಳು. ಚರ್ಚು ಎರಡೇ ಬೀದಿಯಾಚೆ, ಮಂಗಳವಾರಗಳಲ್ಲಿ ಅವಳು ನಡೆದೇ ಹೋಗುತ್ತಿದ್ದಳು. ಕಾರು ಹೊರಡುತ್ತಿದ್ದದ್ದು ವೃದ್ಧಾಶ್ರಮಕ್ಕೆ ಮಾತ್ರ, ಅದೂ ಹಿಂದಿನ ರಸ್ತೆಯಿಂದ ಹೆದ್ದಾರಿಗೆ. ಇವತ್ತು ಡಿಕ್ಕಿ ಇಲ್ಲದೆ ಅಂಗಳದಲ್ಲಿ ನಿಲ್ಲುವಂತಿಲ್ಲ. ಅಂಗಳದ ಮುಂದಿನ ಬಾಗಿಲಲ್ಲಿ ಹಗ್ಗ ಕಟ್ಟಿದ್ದರು, ಕಾವಲಿಗೆ ಕಿತ್ತಳೆ ಅಂಗಿಯ ಇಬ್ಬರು ನಿಂತಿದ್ದರು. ಅವಳು ಅತ್ತ ಹೋಗಲೇ ಇಲ್ಲ. ಪಾದ್ರಿಯ ಮನೆಯ ಪಕ್ಕದಲ್ಲಿ ಒಂದು ಸಣ್ಣ ದಾರಿ ಇದೆ. ಹೊಲಿಗೆ ಗುಂಪಿನವರು ಮಿಷನ್‌ಗಳನ್ನು ನೆಲಮಾಳಿಗೆಗೆ ಇಳಿಸಲು ವರ್ಷವಿಡೀ ಬಳಸುವ ದಾರಿ ಅದು, ಬೇರೆ ಯಾರಿಗೂ ಅದರ ನೆನಪೂ ಇರುವುದಿಲ್ಲ. ಅಲ್ಲಿ ಹಗ್ಗ ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳ ಕೈ ತಾನಾಗಿ ಅತ್ತ ತಿರುಗಿತು. ಮನಸ್ಸೆಲ್ಲ ಕೌದಿಯಲ್ಲಿತ್ತು, ನಿಯಮ ನೆನಪಾಗಲೇ ಇಲ್ಲ.

ಅಂಗಳದೊಳಗೆ ಹಾಡು ಹಾಕಿದ್ದರು. ಡಿಕ್ಕಿಗಳಲ್ಲಿ ದೀಪದ ಸರ, ಹುಲ್ಲಿನ ಕಟ್ಟು, ಹತ್ತಿಯ ಜೇಡರ ಬಲೆ. ಎಲ್ಲೆಲ್ಲೂ ಮಕ್ಕಳು. ಅವಳು ನಡೆಯುವವರಿಗಿಂತ ನಿಧಾನವಾಗಿ ಕಾರನ್ನು ಒಳಗೆ ತಂದಳು. ಮೊದಲು ಈ ತುದಿಯ ಮಾತು ನಿಂತಿತು, ಆಮೇಲೆ ನಡುವಿನದು, ಆಮೇಲೆ ಆ ತುದಿಯದು. ಯಾರೋ ಹಾಡನ್ನೂ ಆರಿಸಿದರು. ತಾಯಂದಿರು ಸಿಕ್ಕ ಮಕ್ಕಳ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆ ಎಳೆದುಕೊಂಡರು.

ಬೆಳ್ಳಿಬಣ್ಣದ ಉಡುಪು ತೊಟ್ಟ ಒಬ್ಬ ಹುಡುಗಿ ಮಾತ್ರ ಹಾದಿಯ ನಡುವೆ ನಿಂತಿದ್ದಳು. ಗಗನಯಾತ್ರಿ. ಅವಳು ಕಾರಿನ ಮುಂದಿನ ದೀಪಗಳನ್ನು ನೋಡುತ್ತಿದ್ದಳು. ಒಂದು ಹಳೆಯದು, ಮಬ್ಬು ಹಳದಿ. ಇನ್ನೊಂದು ಆ ಸಂಜೆಯ ನಂತರ ಹಾಕಿಸಿದ್ದು, ಬೆಳ್ಳಗೆ ಉರಿಯುತ್ತಿತ್ತು. ಹುಡುಗಿ ಕಿರುಚಲಿಲ್ಲ. ಕೈಯ ಬುಟ್ಟಿ ಬಿಟ್ಟು, ಎಡಗಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡು, ನೆಲದ ಮೇಲೆ ಕೂತುಬಿಟ್ಟಳು.

ಅರ್ಡಿಸ್ ಬ್ರೇಕ್ ಒತ್ತಿದಳು. ಕಾರು ನಿಂತದ್ದು ಹುಡುಗಿಗೆ ಬಹಳ ದೂರದಲ್ಲೇ. ಆಗ, ಆಗ ಮಾತ್ರ, ತಾನು ಯಾವುದರಲ್ಲಿ ಕೂತಿದ್ದೇನೆ ಎಂಬುದು ಅವಳಿಗೆ ತಿಳಿಯಿತು. ಅಷ್ಟು ವಾರ ಭೂತದ ಬಾಯಿ ಹೇಗಿರಬೇಕು, ಬೆಕ್ಕಿನ ಬಾಲ ಹೇಗಿರಬೇಕು ಎಂದು ಯೋಚಿಸಿದವಳು ಒಮ್ಮೆಯೂ ಕಾರಿನ ಬಗ್ಗೆ ಯೋಚಿಸಿರಲಿಲ್ಲ. ಅವಳಿಗೆ ಅದು ಗಂಡನನ್ನು ನೋಡಲು ಹೋಗುವ ಗಾಡಿ. ಇವರೆಲ್ಲರಿಗೆ ಅದು ಆ ಕಾರು.

ಜೂನಿಯ ತಾಯಿ ಕರಿಸ್ಸಾ ಓಡಿಬಂದು ಮಗಳನ್ನು ಬಾಚಿಕೊಂಡಳು.

"ಅದೇ ಅಮ್ಮಾ, ಅದೇ ಕಾರು."

"ನಿಂತಿದೆ ಚಿನ್ನ, ನೋಡು, ನಿಂತಿದೆ. ಅಲ್ಲಾಡ್ತಿಲ್ಲ. ನಾನಿದ್ದೀನಲ್ಲ."

ಕರಿಸ್ಸಾ ಕಾರಿನ ಗಾಜಿನೊಳಗೆ ಒಮ್ಮೆ ನೋಡಿದಳು. ಬೈದಿದ್ದರೆ ಅರ್ಡಿಸಳಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಮುಖ ತಿರುಗಿಸಿಕೊಂಡಳು.

ಅಗ್ನಿಶಾಮಕ ದಳದ ಡುವೇನ್ ಕಿಟಕಿಯ ಹತ್ತಿರ ಬಂದು ಬಗ್ಗಿದ. ಚಿಕ್ಕವನಿದ್ದಾಗ ಅವಳ ಕೈಯ ಅರಳುಂಡೆ ತಿಂದವನೇ. "ಮಿಸೆಸ್ ಹಾಗನ್, ಕಾರು ಒಳಗೆ ಬರೋ ಹಾಗಿಲ್ಲ ಈಗ. ನಿಮಗೆ ಗೊತ್ತಲ್ಲ."

"ಪಟ್ಟಿ ಹೊಲಿಯೋದು ಮರೆತುಹೋಗಿತ್ತು ಡುವೇನ್," ಎಂದಳು ಅವಳು. "ಹಿಂದಿನ ಪಟ್ಟಿ. ಅದಕ್ಕೇ ತಡ ಆಯ್ತು."

ಅವನಿಗೆ ಏನೂ ಅರ್ಥವಾಗಲಿಲ್ಲ. "ಆಯ್ತು, ಆಯ್ತು. ನಿಧಾನಕ್ಕೆ ಹಿಂದಕ್ಕೆ ತಗೊಳ್ಳಿ. ನಾವು ಪಕ್ಕದಲ್ಲಿ ನಡೀತೀವಿ."

ಅಷ್ಟರಲ್ಲಿ ಲವೋನ್ ಬಂದಳು. ತಲೆಯ ಮೇಲೆ ಮಾಟಗಾತಿಯ ಟೊಪ್ಪಿ, ಕೆನ್ನೆಯ ಮೇಲೆ ಬರೆದುಕೊಂಡ ನರಹುಲಿ. ಆ ವೇಷದಲ್ಲಿ ಅವಳ ಕಣ್ಣು ತುಂಬಿದ್ದು ಯಾರಿಗಾದರೂ ನಗು ತರಿಸಬೇಕಿತ್ತು. ಪಕ್ಕದ ಬಾಗಿಲು ತೆರೆದು, "ಕೌದಿ ಕೊಡೇ ಇಲ್ಲಿ," ಎಂದಳು. "ನಾನು ತೂಗುಹಾಕ್ತೀನಿ. ನೀನು ಮನೆಗೆ ಹೋಗು." ಬಾಗಿಲು ಮುಚ್ಚುವ ಮುಂಚೆ ತಡೆದು, "ಇನ್ನೊಂದ್ ಸಲ ಕೇಳ್ಬೇಕಿತ್ತು ನಾನು," ಎಂದಳು.

"ನಾನೇ ಹೂಂ ಅನ್ಬೇಕಿತ್ತು," ಎಂದಳು ಅರ್ಡಿಸ್.

ಕಿತ್ತಳೆ ಅಂಗಿಯ ಗಂಡಸರು, ಶವದ ಗಾಡಿಯ ಜೊತೆ ನಡೆಯುವವರ ಹಾಗೆ, ಎರಡೂ ಪಕ್ಕದಲ್ಲಿ ನಡೆದು ಕಾರನ್ನು ಬೀದಿಗೆ ಮುಟ್ಟಿಸಿದರು. ಮಿಠಾಯಿಯ ಬೋಗುಣಿ ಕಾರಿನಲ್ಲೇ ಉಳಿಯಿತು, ಅದನ್ನು ಯಾರೂ ಕೇಳಲಿಲ್ಲ.

ಮನೆಗೆ ಹೋಗು ಎಂದ ಮೇಲೆ ಮನೆಯಲ್ಲಿ ಕೂರಬೇಕಿತ್ತು. ಅವಳು ಕಾರನ್ನು ಶೆಡ್ಡಿಗೆ ಹಾಕಿ ಬಾಗಿಲು ಎಳೆದು, ಅಡುಗೆಮನೆಗೆ ಹೋಗಿ, ಮೇಜಿನ ಮೇಲಿದ್ದ ನೇರಳೆ ಚೂರುಗಳನ್ನು ಒಟ್ಟುಮಾಡಿ, ಮತ್ತೆ ಅಲ್ಲೇ ಬಿಟ್ಟಳು. ಅಂಗಳದಲ್ಲಿ ಅಷ್ಟೆಲ್ಲ ನಡೆದಿತ್ತು. ಆದರೂ ಕೌದಿ ನೆಟ್ಟಗೆ ತೂಗುತ್ತಿದೆಯೋ ಇಲ್ಲವೋ ಎಂದು ಮನಸ್ಸು ಒಂದೇ ಸಮ ಕೇಳುತ್ತಿತ್ತು. ಮನುಷ್ಯರ ಮನಸ್ಸು ಎಂಥದ್ದು ನೋಡಿ. ಕೋಟು ಹಾಕಿಕೊಂಡು ನಡೆದೇ ಹೊರಟಳು.

ಪಾದ್ರಿಯ ಮನೆಗೂ ಅಂಗಳಕ್ಕೂ ನಡುವೆ ಎಲೆ ಉದುರಿದ ಪೊದೆಗಳ ಸಾಲು ಇದೆ. ಅವಳು ಅದರ ಹಿಂದೆ ನಿಂತಳು. ಹಾಡು ಮತ್ತೆ ಶುರುವಾಗಿತ್ತು. ಲವೋನ್‌ಳ ಡಿಕ್ಕಿಯ ಅಗಲಕ್ಕೂ ಕೌದಿ ತೂಗುತ್ತಿತ್ತು, ಒಂದು ಕೂದಲೆಳೆಯಷ್ಟೂ ಜೋಲದೆ. ದೀಪದ ಸರದ ಬೆಳಕಿಗೆ ಭೂತಗಳ ಕೆನ್ನೆಗಳು ಉಬ್ಬಿ ಕಾಣುತ್ತಿದ್ದವು. ಮಕ್ಕಳು ಅಲ್ಲಿ ಮುತ್ತಿಕೊಂಡಿದ್ದರು. ದರೋಡೆಕೋರನ ವೇಷದ ಒಬ್ಬ ಹುಡುಗ ಬೆಕ್ಕಿನ ಬಾಲ ಹಿಡಿದು ಎಳೆಯಲು ನೋಡಿ ಅಕ್ಕನ ಕೈಲಿ ಪೆಟ್ಟು ತಿಂದ.

ಜೂನಿ ಮನೆಗೆ ಹೋಗಿರಲಿಲ್ಲ. ಹೋಗಲು ಒಪ್ಪದೆ ಹಟ ಹಿಡಿದಿರಬೇಕು, ಮುಖ ಅತ್ತು ಕೆಂಪಾಗಿತ್ತು. ತಾಯಿಯ ಕೈ ಹಿಡಿದು ಕಾಲೆಳೆಯುತ್ತ ಒಂದೊಂದೇ ಡಿಕ್ಕಿ ದಾಟಿ ಬಂದಳು. ಕೌದಿಯೆದುರು ಬಂದವಳು ತಾಯಿಯ ಕೈ ಬಿಟ್ಟಳು. ಮೂರನೆಯ ಭೂತದ ಕೆನ್ನೆಯನ್ನು ಒಂದು ಬೆರಳಿನಿಂದ ಒತ್ತಿದಳು. ಅದು ಒಳಗೆ ಹೋಗಿ ಮತ್ತೆ ಉಬ್ಬಿತು. ಇನ್ನೊಮ್ಮೆ ಒತ್ತಿದಳು.

"ಅಮ್ಮಾ, ಇದಕ್ಕೆ ಯಾರೋ ಕಚಗುಳಿ ಇಟ್ಟಿದಾರೆ!" ಎಂದು ನಕ್ಕಳು. ಪೊದೆಯ ಹಿಂದೆ ಅರ್ಡಿಸ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಕರಿಸ್ಸಾ ನಗಲಿಲ್ಲ. ಅವಳು ಹತ್ತಿರ ಬಗ್ಗಿ ಹೊಲಿಗೆಯನ್ನು ನೋಡುತ್ತಿದ್ದಳು. ಅವಳ ಮದುವೆಗೆ ಹಾಸಿದ ಕೌದಿಯೂ ಅದೇ ಕೈಯದ್ದು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಕೈ ಮಗಳ ಹೆಗಲ ಮೇಲೆ ಬಂದು ನಿಂತಿತು.

"ಇದನ್ನ ಯಾರು ಮಾಡಿದ್ದು?" ಎಂದು ಕೇಳಿದಳು ಜೂನಿ.

ಲವೋನ್ ಬೋಗುಣಿ ಕೆಳಗಿಟ್ಟಳು. ತಲೆ ಎತ್ತಿದಾಗ ಪೊದೆಗಳಾಚೆ ನಿಂತವಳು ಕಣ್ಣಿಗೆ ಬಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕರಿಸ್ಸಾ ಲವೋನ್‌ಳ ಮುಖವನ್ನೇ ನೋಡುತ್ತಿದ್ದಳು. ಅರ್ಡಿಸ್ ಮೆಲ್ಲಗೆ ತಲೆಯನ್ನು ಅತ್ತಿತ್ತ ಆಡಿಸಿದಳು. ಬೇಡ. ಈ ಸಲ ಅವಳ ಬೇಡಕ್ಕೆ ಬೇಡವೆಂದೇ ಅರ್ಥ.

"ನಾನೇ ಕಣೇ ಚಿನ್ನ," ಎಂದಳು ಲವೋನ್. "ನಾನೇ ಹೊಲಿದದ್ದು."

ಕರಿಸ್ಸಾಳ ಹೆಗಲು ಸಡಿಲವಾಯಿತು.

"ತುಂಬಾ ಚೆನ್ನಾಗಿದೆ," ಎಂದಳು ಜೂನಿ. ಲವೋನ್‌ಳ ಬೋಗುಣಿಯಿಂದ ಒಂದು ಮಿಠಾಯಿ ತೆಗೆದುಕೊಂಡು, ಸ್ವಲ್ಪ ಯೋಚಿಸಿ, ಇನ್ನೊಂದನ್ನೂ ತೆಗೆದುಕೊಂಡಳು. ಆಮೇಲೆ ಸುಮ್ಮನೆ, ಯಾವ ಕಾರಣವೂ ಇಲ್ಲದೆ, ಪೊದೆಗಳ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಅರ್ಡಿಸ್ ಹಿಂದಕ್ಕೆ, ಬೆಳಕು ತಾಕದ ಕಡೆಗೆ ಸರಿದು, ಹುಡುಗಿ ಮುಂದಿನ ಡಿಕ್ಕಿಗೆ ಹೋಗುವ ತನಕ ಅಲ್ಲಾಡದೆ ನಿಂತಳು.